ಹೆಗಲ ಮೇಲಿನ ಕೈ

ಫೋಟೋ ಅಕ್ಕನಿಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಊಟಕ್ಕೆ ಕೂತರೂ ಅರ್ಧ ಕೂತಿರುತ್ತಾಳೆ, ಇನ್ನರ್ಧ ಆಗಲೇ ಎದ್ದು ಬಾಗಿಲ ಕಡೆ ಹೊರಟಿರುತ್ತದೆ. ಬಸ್ ಕಂಡಕ್ಟರ್ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಅವಳ ಗಂಡ ಇದನ್ನು ನೋಡಿ ನೋಡಿ, "ದಿನವಿಡೀ ನಿಂತಿರೋನು ನಾನು. ಮನೆಗೆ ಬಂದ್ರೆ ಕೂರ್ತೀನಿ. ನಿನಗೆ ಮಾತ್ರ ಇಳಿಯೋ ಸ್ಟಾಪೇ ಬರ್ಲಿಲ್ವಲ್ಲೇ" ಎನ್ನುತ್ತಾನೆ. ಅವಳು ನಗುತ್ತಾಳೆ. ನಗುತ್ತಲೇ ಎದ್ದು ಹೋಗಿ, ಗಾಳಿಗೆ ಮುಚ್ಚಿಕೊಂಡ ಬಾಗಿಲನ್ನು ಮತ್ತೆ ತೆರೆದಿಟ್ಟು ಬರುತ್ತಾಳೆ. ಮುಚ್ಚಿದ ಬಾಗಿಲ ಒಳಗೆ ಅವಳಿಗೆ ತುತ್ತು ಇಳಿಯುವುದಿಲ್ಲ.

ಹುಟ್ಟಿದಾಗಿನಿಂದ ಹೀಗಿದ್ದವಳಲ್ಲ. ಮದುವೆಗೆ ಮುಂಚೆ ಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಅವಳು ಟಚಪ್ ಕೆಲಸ ಮಾಡುತ್ತಿದ್ದಳು. ಅದು ಕೂತು ಮಾಡುವ ಕೆಲಸ, ಅದೂ ಅಲುಗಾಡದೆ. ನೆಗೆಟಿವ್ ಅನ್ನು ದೀಪದ ಮುಂದೆ ಇಟ್ಟುಕೊಂಡು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಲ್ಲಿ ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಇಲ್ಲವೆನ್ನಿಸಬೇಕು. ಉಸಿರು ಜೋರಾಗಿ ಬಿಟ್ಟರೂ ಗೆರೆ ತಪ್ಪುತ್ತದೆ. ಸ್ಟುಡಿಯೋ ಮಾಸ್ಟರರಿಗೆ ಅವಳ ಕೈಯೆಂದರೆ ಹೆಮ್ಮೆ. "ಈ ಹುಡುಗಿ ಮನಸ್ಸು ಮಾಡಿದ್ರೆ ಎಮ್ಮೆಗೂ ಗಂಡು ನೋಡಿ ಮದುವೆ ಮಾಡಿಸ್ತಾಳೆ" ಎಂದು ಗಿರಾಕಿಗಳ ಎದುರೇ ಹೇಳಿ ನಗಿಸುತ್ತಿದ್ದರು.

ಅವಳ ಮನೆಯಿದ್ದದ್ದು ಚರ್ಚ್ ಬೀದಿಯಲ್ಲಿ. ಆ ಬೀದಿಯ ಅಷ್ಟೂ ಮನೆಗಳು ಕ್ರೈಸ್ತರವು. ಅಪ್ಪ ಬಡಗಿ, ಚರ್ಚಿನ ಬೆಂಚುಗಳೆಲ್ಲ ಅವನ ಕೈಯವು. ತಾಯಿ ಇಲ್ಲದ ಮನೆ, ಬೆನ್ನಿಗೆ ಹುಟ್ಟಿದ ತಂಗಿ ಒಬ್ಬಳು. ಬೀದಿಯ ತಲೆಯಲ್ಲಿ ಒಂದು ಚರಂಡಿ, ಅದರ ಮೇಲೊಂದು ಪುಟ್ಟ ಸೇತುವೆ, ದಾಟಿದರೆ ಬೇರೆಯವರ ಬೀದಿ. ಅದನ್ನು ಇವರು ಆಚೆ ಬೀದಿ ಎನ್ನುತ್ತಿದ್ದರು, ಅವರೂ ಇದನ್ನು ಆಚೆ ಬೀದಿ ಎನ್ನುತ್ತಿದ್ದರು. ಮಕ್ಕಳಿಗೆ ಒಂದೇ ಶಾಲೆ, ಹೆಂಗಸರಿಗೆ ಒಂದೇ ನಲ್ಲಿ. ಯಾರ ಮನೆಯ ಮದುವೆಯಾದರೂ ಬ್ಯಾಂಡ್ ಮಾತ್ರ ಚರ್ಚ್ ಬೀದಿಯದ್ದೇ.

ಆಮೇಲೆ ಆ ದಿನ ಬಂತು. ಸರಕಾರಿ ಕಾಗದದಲ್ಲಿ ಅದಕ್ಕೆ 'ಅಹಿತಕರ ಘಟನೆ' ಎಂದು ಹೆಸರು. ಚರ್ಚ್ ಬೀದಿಯವರು ಹೆಸರಿಡುವ ಗೋಜಿಗೇ ಹೋಗಲಿಲ್ಲ, ಅವರಿಗೆ ಅದು ಬರೀ ಆ ದಿನ. ಎಲ್ಲಿಂದಲೋ ಒಂದು ಸುಳ್ಳು ಸುದ್ದಿ ಹೊರಟು, ಊರು ದಾಟಿ ಊರು ಸುತ್ತಿ, ಕೊನೆಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಗುಂಪಾಗಿ ಸೇತುವೆ ದಾಟಿತು. ಬೆಳಗಿನ ಪ್ರಾರ್ಥನೆಗೆಂದು ಚರ್ಚಿನಲ್ಲಿ ಸೇರಿದ್ದವರಲ್ಲಿ ಅನೇಕರು ಅಲ್ಲೇ ಸತ್ತರು, ಮನೆಗಳಲ್ಲಿದ್ದ ಅನೇಕರು ಮನೆಗಳಲ್ಲಿ. ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಹೊಗೆಯಾಗಿತ್ತು.

ಅವಳು ಆಗ ಸ್ಟುಡಿಯೋದಲ್ಲಿದ್ದಳು. ಮಾಸ್ಟರರು ಅವಳನ್ನು ರಟ್ಟೆ ಹಿಡಿದು ಡಾರ್ಕ್ ರೂಮಿಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ಸ್ವಲ್ಪ ಹೊತ್ತಿಗೆ ಜನ ಬಂದರು. ಆ ಬೀದಿಯ ಹುಡುಗಿ ಒಬ್ಬಳು ಇಲ್ಲಿ ಕೆಲಸಕ್ಕಿದ್ದಾಳಲ್ಲ, ಎಲ್ಲಿ ಎಂದು ಕೇಳಿದರು. ಕೆಂಪು ಬಲ್ಬಿನ ಕೆಳಗೆ, ಬಾಯಿಗೆ ಬಟ್ಟೆ ತುರುಕಿಕೊಂಡು, ಅವಳು ಮಾಸ್ಟರರ ದನಿ ಕೇಳಿಸಿಕೊಂಡಳು. "ಒಳಗೆ ಫಿಲ್ಮ್ ತೊಳೆಯೋಕೆ ಹಾಕಿದೀನಿ. ತೆಗೀರಿ ಬೇಕಾದ್ರೆ. ಬೆಳಕು ಬಿತ್ತೋ, ನಿಮ್ಮ ತಂಗಿ ಮದುವೆ ಫೋಟೋ ಒಂದೂ ಉಳಿಯಲ್ಲ. ಆಮೇಲೆ ನನ್ನ ಹತ್ರ ಬಂದು ಅಳಬಾರದು." ಅವರಲ್ಲಿ ಒಬ್ಬನ ತಂಗಿಯ ಮದುವೆ ಆಗಷ್ಟೇ ಮುಗಿದಿತ್ತು. ಬಾಗಿಲ ಹಿಡಿಕೆಯ ಮೇಲಿದ್ದ ಕೈ ಹಿಂದೆ ಸರಿದ ಸದ್ದು ಅವಳಿಗೆ ಕೇಳಿಸಿತು.

ಜೀವ ಉಳಿಯಿತು. ಅಪ್ಪ, ತಂಗಿ ಉಳಿಯಲಿಲ್ಲ. ಕೂರುವ ಗುಣವೂ ಅಲ್ಲಿಗೆ ಹೋಯಿತು.

ಆಮೇಲೆ ಬೇರೆ ಊರಿನ ನೆಂಟರ ಮನೆ, ಅಲ್ಲಿಂದ ಮದುವೆ, ಗಂಡನಿಗೆ ವರ್ಗವಾಗಿ ಮತ್ತೆ ಇದೇ ಊರು. ಅಷ್ಟರಲ್ಲಿ ಮೊಬೈಲುಗಳು ಬಂದು ಸ್ಟುಡಿಯೋಗೆ ಬೀಗ ಬಿದ್ದಿತ್ತು. ಮಾಸ್ಟರರು ತೀರಿಕೊಳ್ಳುವುದಕ್ಕೆ ಮುಂಚೆ ಅವಳನ್ನು ಮನೆಗೆ ಕರೆಸಿ, ಅಟ್ಟದಿಂದ ಕೆಲವು ತಗಡಿನ ಡಬ್ಬಗಳನ್ನು ಇಳಿಸಿಕೊಟ್ಟರು. ಒಳಗೆ ಹಳೆಯ ನೆಗೆಟಿವ್‌ಗಳು. "ಇವ್ರೆಲ್ಲ ನಿಮ್ಮ ಬೀದಿಯವರಮ್ಮ. ಇಷ್ಟು ವರ್ಷ ನನ್ನ ಅಟ್ಟದಲ್ಲಿ ಬಾಡಿಗೆ ಕೊಡದೆ ಇದ್ರು. ಇನ್ನು ನೀನು ಕರ್ಕೊಂಡು ಹೋಗು" ಎಂದರು. ನಗಿಸಲೆಂದೇ ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ನೆನಪಿನ ಕೋಣೆ ಶುರುವಾದದ್ದು ಆ ಡಬ್ಬಗಳಿಂದ. ಹೊಸದಾಗಿ ಕಟ್ಟಿದ ಚರ್ಚಿನ ಹಿಂದೆ ಒಂದು ಉದ್ದ ಕೋಣೆಯಿತ್ತು. ಆಗ ಬಂದಿದ್ದ ಪಾದ್ರಿಗಳು ಚಿಕ್ಕ ವಯಸ್ಸಿನವರು, ದೂರದ ಊರಿನವರು. ಅವರೇ ಅದನ್ನು ಬಿಟ್ಟುಕೊಟ್ಟರು. ಬೆಂಕಿಗೆ ಕರಗಿ ಬೆಲ್ಲದ ಉಂಡೆಯಂತಾದ ಗಂಟೆ, ಕೊಡಲಿ ಏಟಿನ ಒಂದು ಬಾಗಿಲು, ಅರ್ಧ ಸುಟ್ಟ ಹಾಡಿನ ಪುಸ್ತಕಗಳು ಒಂದೊಂದಾಗಿ ಬಂದು ಸೇರಿದವು. ಉಳಿದವರು ಬಂದು ರೆಕಾರ್ಡರಿನ ಮುಂದೆ ಕೂತು ಕಂಡದ್ದನ್ನು ಹೇಳಿದರು. ಗೋಡೆಯ ತುಂಬ ಸತ್ತವರ ಫೋಟೋಗಳು. ಹೆಚ್ಚಿನವು ಪಾಸ್‌ಪೋರ್ಟ್ ಸೈಜಿನವನ್ನು ದೊಡ್ಡದು ಮಾಡಿದವು. ಅದಕ್ಕೇ ಗೋಡೆಯ ಮೇಲಿನವರೆಲ್ಲ ಎರಡೂ ಕಿವಿ ಕಾಣುವ ಹಾಗೆ, ಡ್ರೈವಿಂಗ್ ಲೈಸೆನ್ಸಿಗೆ ಕಾದು ನಿಂತವರಂತೆ, ನೆಟ್ಟಗೆ ನೋಡುತ್ತಾರೆ. ಫೋಟೋ ಅಕ್ಕನ ಅಪ್ಪನೂ ಹಾಗೇ ನೋಡುತ್ತಾನೆ, ಪಕ್ಕದಲ್ಲಿ ತಂಗಿ.

ಅವಳಿಗೆ ಅಲ್ಲಿ ಸಂಬಳದ ಕೆಲಸವೇ ಸಿಕ್ಕಿತು. ಹಳೆಯ ಫೋಟೋಗಳನ್ನು ಹುಡುಕಿ ತರುವುದು, ಧೂಳು ಒರೆಸಿ ಕಂಪ್ಯೂಟರಿಗೆ ಹಾಕುವುದು, ಫ್ರೇಮು ಮಾಡಿಸಿ ತೂಗುಹಾಕುವುದು. ಪಾದ್ರಿಗಳು ಹಾಕಿದ್ದು ಒಂದೇ ಶರತ್ತು. "ಅಕ್ಕಾ, ಧೂಳು ತೆಗೀರಿ, ಗೀಚು ತೆಗೀರಿ. ಆದ್ರೆ ಫೋಟೋದಲ್ಲಿ ಇದ್ದದ್ದನ್ನ ತೆಗೀಬೇಡಿ, ಇಲ್ಲದ್ದನ್ನ ಹಾಕ್ಬೇಡಿ. ನಾಳೆ ಯಾರಾದ್ರೂ ಒಂದು ಸುಳ್ಳು ತೋರಿಸಿದ್ರೆ ಇಡೀ ಗೋಡೇನೇ ಸುಳ್ಳು ಅಂತಾರೆ." ಟಚಪ್ಪಿನಲ್ಲೇ ಅನ್ನ ಕಂಡವಳಿಗೆ ಇದು ಸುಲಭವಾಗಿರಲಿಲ್ಲ. ತಂಗಿಯ ಹಣೆಯ ಮೇಲಿದ್ದ ಮೊಡವೆಯನ್ನು ಹಾಗೇ ಬಿಟ್ಟು ತೂಗುಹಾಕುವಾಗ ಅವಳ ಬೆರಳು ತುರಿಸಿತು.

ಗೋಡೆಯಲ್ಲಿ ಒಂದೇ ಒಂದು ಫ್ರೇಮು ಖಾಲಿ ಉಳಿಯಿತು. ಕೆಳಗೆ ಹೆಸರಿತ್ತು, ಮೇಲೆ ಬರೀ ಬಿಳಿ ಕಾಗದ. ಅದು ಬ್ಯಾಂಡ್ ಮಾಮನದು.

ಬ್ಯಾಂಡ್ ಮಾಮ ಟ್ರಂಪೆಟ್ ಊದುತ್ತಿದ್ದವನು. ಚರ್ಚಿನಲ್ಲಿ ಹಾಡಿಗೆ, ಊರಿನಲ್ಲಿ ಮದುವೆಗೆ. ಮನೆಯ ಫೋಟೋಗಳು ಮನೆಯ ಜೊತೆಗೇ ಸುಟ್ಟಿದ್ದವು. ಲೈಸೆನ್ಸು, ಪಾಸ್‌ಪೋರ್ಟು ಅವನಿಗೆ ಬೇಕೇ ಆಗಿರಲಿಲ್ಲ, ಹಾಗಾಗಿ ಮಾಸ್ಟರರ ಡಬ್ಬದಲ್ಲೂ ಇಲ್ಲ. ಅವನ ಹೆಂಡತಿ ಬದುಕಿದ್ದಳು. ಬೀದಿಯವರಿಗೆಲ್ಲ ಅವಳು ಅತ್ತೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅತ್ತೆ ಕೋಲೂರಿಕೊಂಡು ನೆನಪಿನ ಕೋಣೆಗೆ ಬಂದು ಖಾಲಿ ಫ್ರೇಮಿನ ಮುಂದೆ ಕುರ್ಚಿ ಎಳೆದುಕೊಳ್ಳುವಳು.

"ಏನತ್ತೆ, ಗೋಡೆ ನೋಡ್ತಾ ಕೂತಿದೀರಿ?"

"ಕಾಯ್ತಾ ಇದೀನಿ ಕಣೇ. ಬದುಕಿದ್ದಾಗ್ಲೂ ಮನೆಗೆ ಹೊತ್ತಿಗೆ ಸರಿಯಾಗಿ ಬಂದ ಆಸಾಮಿಯಲ್ಲ."

ಮಾತು ತಮಾಷೆಯದೇ. ಆದರೆ ಪ್ರತಿ ವಾರ ಕೇಳಿ ಕೇಳಿ ಫೋಟೋ ಅಕ್ಕನಿಗೆ ಮುಳ್ಳಿನ ಮೇಲೆ ನಿಂತ ಹಾಗಾಗುತ್ತಿತ್ತು. ಅತ್ತೆಗೆ ಕಣ್ಣಿಗೆ ಪೊರೆ ಬರುತ್ತಿತ್ತು. ಮುಖ ಸಿಕ್ಕಿ, ನೋಡಲು ಕಣ್ಣೇ ಇಲ್ಲದಿದ್ದರೆ?

ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಫೋಟೋ ಅಕ್ಕನಿಗೆ ಥಟ್ಟನೆ ಹೊಳೆಯಿತು. ಬ್ಯಾಂಡ್ ಮಾಮ ಊರಿನ ಎಲ್ಲ ಮದುವೆಗಳಿಗೂ ಹೋದವನು. ಎಲ್ಲ ಮದುವೆಗಳಲ್ಲೂ ಫೋಟೋ ತೆಗೆದವರು ಮಾಸ್ಟರರು. ಮದುವೆಯ ನೆಗೆಟಿವ್‌ಗಳನ್ನು ಆಲ್ಬಂ ಜೊತೆಗೇ ಗಿರಾಕಿಗೆ ಕೊಟ್ಟುಬಿಡುವುದು ಅವರ ರೂಢಿ. ಅಂದರೆ ಮಾಮನ ಮುಖ ಇದ್ದೇ ಇದೆ. ಇರುವುದು ಆಚೆ ಬೀದಿಯಲ್ಲಿ.

ಕೈ ಒರೆಸಿಕೊಳ್ಳದೇ ಬಂದು ಗಂಡನಿಗೆ ಹೇಳಿದಳು. ಅವನು ಪೇಪರ್ ಮಡಚಿಟ್ಟ.

"ಅಲ್ಲಿಗೆ ಹೋಗ್ತೀಯಾ?"

"ಹೋಗ್ಬೇಕಲ್ಲ."

"ಹೋಗಿ ಏನಂತೀಯ? ನಮ್ಮೋರನ್ನ ಕೊಂದ್ರಲ್ಲ, ಅವ್ರದ್ದೊಂದು ಫೋಟೋ ಕೊಡಿ ಅಂತೀಯಾ?"

"ಎಲ್ರೂ ಕೊಂದಿಲ್ಲ ಕಣ್ರೀ."

"ಯಾರು ಕೊಂದ್ರು ಯಾರು ಕೊಲ್ಲಲಿಲ್ಲ ಅಂತ ಹಣೆ ಮೇಲೆ ಬರೆದಿರುತ್ತಾ?" ಎಂದ. ಆದರೂ ತಡೆಯಲಿಲ್ಲ. ಮರುದಿನ ಸೇತುವೆಯವರೆಗೆ ಜೊತೆಗೆ ಬಂದು, ಅಲ್ಲೇ ಕಟ್ಟೆಯ ಮೇಲೆ ಕೂತು, "ಇಲ್ಲೇ ಇರ್ತೀನಿ, ಹೋಗಿ ಬಾ" ಎಂದ.

ಆ ದಿನದ ನಂತರ ಅವಳು ಆ ಸೇತುವೆ ದಾಟಿರಲೇ ಇಲ್ಲ. ಬೀದಿ ಚಿಕ್ಕದಾದಂತೆ ಕಂಡಿತು. ಮೊದಲ ಮನೆಯಲ್ಲಿ ಒಬ್ಬ ಮೇಷ್ಟ್ರು ಇದ್ದರು, ಅವಳಿಗೆ ಲೆಕ್ಕ ಕಲಿಸಿದವರೇ. ವಿಷಯ ಕೇಳಿ, "ಹಳೇದೇನೂ ಇಟ್ಕೊಂಡಿಲ್ಲಮ್ಮ, ಗೆದ್ದಲು ಹಿಡೀತು" ಎಂದು ನೆಲ ನೋಡುತ್ತ ಬಾಗಿಲು ಹಾಕಿಕೊಂಡರು. ಇನ್ನೊಂದು ಮನೆಯಲ್ಲಿ ಎಳೇ ಸೊಸೆ ಉತ್ಸಾಹದಿಂದ ಆಲ್ಬಂ ತಂದು ಮೇಜಿನ ಮೇಲೆ ಹರಡಿದಳು. ಒಳಗಿನಿಂದ ಬಂದ ಆ ಮನೆಯ ಯಜಮಾನಿ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಮತ್ತೊಂದು ಮನೆಯ ಗಂಡಸು, "ಫೋಟೋ ತಗೊಂಡು ಹೋಗಿ ಪೊಲೀಸ್ರಿಗೆ ತೋರಿಸೋಕಾ?" ಎಂದು ಗದರಿದ. ಆಗ ಅವಳಿಗೆ ಅರ್ಥವಾಯಿತು. ಆಲ್ಬಮ್ಮಿನಲ್ಲಿರುವುದು ಬ್ಯಾಂಡ್ ಮಾಮ ಒಬ್ಬನೇ ಅಲ್ಲ. ಮುಖಕ್ಕೆ ಬಟ್ಟೆ ಇಲ್ಲದ ಅವರ ಮನೆಯ ಗಂಡಸರೂ ಇದ್ದಾರೆ.

ಆದರೂ ಬಿಡಲಿಲ್ಲ. ವಾರಗಟ್ಟಲೆ ತಿರುಗಿದಳು. ಚಪ್ಪಲಿ ಸವೆಯಿತು. ಅಲ್ಲೊಂದು ಇಲ್ಲೊಂದು ಮನೆಯವರು ಮನಸ್ಸು ಮಾಡಿದರು. ಸಿಕ್ಕಿದ್ದನ್ನು ಓಡಿಕೊಂಡು ತಂದು ಅತ್ತೆಗೆ ತೋರಿಸಿದಳು. ಒಂದರಲ್ಲಿ ಟ್ರಂಪೆಟ್ಟಿನ ಬಾಯಿಯೇ ಮುಖಕ್ಕೆ ಅಡ್ಡ. ಇನ್ನೊಂದರಲ್ಲಿ ಬೆನ್ನು. ಮೂರನೆಯದರಲ್ಲಿ ಮುಖ ಪೂರ್ತಿ ಕಾಣುತ್ತಿತ್ತು, ಆದರೆ ಕೆನ್ನೆಗಳೆರಡೂ ಬಲೂನಿನಂತೆ ಉಬ್ಬಿ, ಕಣ್ಣು ಹೊರಗೆ ಬಿದ್ದುಹೋಗುವಂತಿದ್ದವು.

ಅತ್ತೆ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. "ಇದು ತುತ್ತೂರಿ ಫೋಟೋ, ಅವರದ್ದಲ್ಲ."

"ಮಾಮನೇ ಅತ್ತೆ, ಎಲ್ರೂ ಹೌದು ಅಂತಿದಾರೆ."

"ಊದುವಾಗ ಯಾವ ಗಂಡಸಿನ ಮುಖ ಆದ್ರೂ ಹೀಗೇ ಇರುತ್ತೆ ಕಣೇ. ನಾನು ಇದರ ಜೊತೆ ಸಂಸಾರ ಮಾಡಿದ್ನಾ? ಬಾಯಿ ಮುಚ್ಚಿರೋದು ಇದ್ರೆ ತಾ."

ಪಾದ್ರಿಗಳು ಸದ್ಯಕ್ಕೆ ಅದನ್ನೇ ಹಾಕೋಣ ಎಂದರು. ಫೋಟೋ ಅಕ್ಕ ಒಪ್ಪಲಿಲ್ಲ. ಅವಳ ತಲೆಯಲ್ಲಿ ಈಗ ಅದೊಂದೇ ಹುಳ. ಸಾರಿಗೆ ಎರಡು ಸಲ ಉಪ್ಪು ಬಿತ್ತು, ಗಂಡನ ಯೂನಿಫಾರಂ ಇಸ್ತ್ರಿಯ ಕೆಳಗೆ ಕಪ್ಪಾಯಿತು. "ಮಾಮನ ಬಾಯಿ ಮುಚ್ಚಿಸೋವರೆಗೆ ನನ್ನ ಬಾಯಿಗೆ ಊಟ ಇಲ್ಲ ಅಂತಾಯ್ತು" ಎಂದು ಗಂಡ ಗೊಣಗಿದ.

ಆಚೆ ಬೀದಿಯ ಕೊನೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಿತ್ತು. ಮೊಳೆ, ಬೀಗ, ಬಣ್ಣದ ಡಬ್ಬ. ಅಲ್ಲಿಗೆ ಮಾತ್ರ ಅವಳು ಹೋಗದೆ ಉಳಿದಿದ್ದಳು. ಅಂಗಡಿಯ ಯಜಮಾನನ ಮೇಲೆ ಆ ದಿನದ ಬಗ್ಗೆ ಕೇಸಾಗಿತ್ತು. ಕೋರ್ಟಿನಲ್ಲಿ ನಿಲ್ಲಿಸಿ ಮುಖ ಗುರುತಿಸಿ ಎಂದಾಗ, ಗುಂಪಿನವರ ಮುಖಕ್ಕೆಲ್ಲ ಬಟ್ಟೆಯಿತ್ತು, ಹೇಗೆ ಹೇಳಲಿ ಎಂದಿದ್ದವಳು ಅತ್ತೆಯೇ. ಅವನು ಬಿಡುಗಡೆಯಾದ. ಆ ಗುಂಪಿನಲ್ಲಿ ಇದ್ದನೋ ಇರಲಿಲ್ಲವೋ, ಇವತ್ತಿಗೂ ಯಾರಿಗೂ ಖಚಿತವಿಲ್ಲ. ಚರ್ಚ್ ಬೀದಿಯವರು ಮಾತ್ರ ಅಲ್ಲಿ ಒಂದು ಮೊಳೆಯನ್ನೂ ಕೊಳ್ಳುತ್ತಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅಲ್ಲಿಗೂ ಹೋದಳು. ಯಜಮಾನ ಪಾರ್ಶ್ವವಾಯು ಬಡಿದು ಮನೆಯಲ್ಲೇ ಇರುತ್ತಾನೆಂದು ಕೇಳಿದ್ದಳು. ಗಲ್ಲಾದಲ್ಲಿ ಅವನ ಹೆಂಡತಿ ಕೂತಿದ್ದಳು. ಫೋಟೋ ಅಕ್ಕನಿಗಿಂತ ವಯಸ್ಸಿನಲ್ಲಿ ಹಿರಿಯಳು, ಕನ್ನಡಕ, ಕೈಯಲ್ಲಿ ಬಣ್ಣದ ಕಲೆ.

"ಫ್ರೇಮು ತೂಗುಹಾಕೋಕೆ ಮೊಳೆ ಬೇಕಿತ್ತು."

ಅಂಗಡಿಯಮ್ಮ ಎದ್ದು, ಮೊಳೆ ಕಟ್ಟಿಕೊಟ್ಟು, ಕೂತಳು. ಫೋಟೋ ಅಕ್ಕ ಹೋಗಲಿಲ್ಲ.

"ನೀವು ಮೊಳೆಗೆ ಬಂದವರಲ್ಲ" ಎಂದಳು ಅಂಗಡಿಯಮ್ಮ. "ಬೀದಿಯೆಲ್ಲ ತಿರುಗ್ತಿದೀರಿ ಅಂತ ಗೊತ್ತು. ನಮ್ಮನೆ ಬಿಟ್ಟು ಎಲ್ಲರ ಮನೆಗೂ ಹೋದ್ರಿ ಅಂತಲೂ ಗೊತ್ತು."

"ನಿಮ್ಮ ಮದುವೆಗೆ ಬ್ಯಾಂಡ್ ಮಾಮ ಊದಿದ್ರಾ?"

"ಊದದೇ ಇರ್ತಾರಾ? ನಮ್ಮೋರೂ ಅವ್ರೂ ಒಂದೇ ಬೆಂಚಿನಲ್ಲಿ ಕೂತು ಓದಿದೋರು." ಅಂಗಡಿಯಮ್ಮ ರಸ್ತೆ ನೋಡಿದಳು. ಆಮೇಲೆ ಹಿಂದಿನ ಬಾಗಿಲಿನಿಂದ ಮನೆಯೊಳಗೆ ಹೋಗಿ ಬಂದಳು. ಆಲ್ಬಮ್ಮನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು. ಹುಡುಕುವ ಕೆಲಸವೇ ಇರಲಿಲ್ಲ, ಪುಟ ತಾನಾಗಿ ಬಿಚ್ಚಿಕೊಂಡಿತು.

ಫೋಟೋ ಅಕ್ಕ ಪುಟದ ಮೇಲೆ ಬಾಗಿದಳು. ಊಟ ಮುಗಿದ ಹೊತ್ತು, ಬ್ಯಾಂಡಿನವರ ವಿರಾಮ. ಟ್ರಂಪೆಟ್ಟು ಕಂಕುಳಲ್ಲಿ. ಬಾಯಿ ಊದುತ್ತಿಲ್ಲ, ಯಾವುದೋ ಮಾತಿಗೆ ನಗುತ್ತಿದೆ. ಪಕ್ಕದಲ್ಲಿ ಕೋಟು ತೊಟ್ಟ ಮದುವೆ ಗಂಡು, ಅವನ ಕೈ ಬ್ಯಾಂಡ್ ಮಾಮನ ಹೆಗಲ ಮೇಲೆ. ಇನ್ನೊಂದು ಹಾಡು ಊದು ಎಂದು ಪೀಡಿಸಲು ಗಂಡೇ ಎದ್ದು ಬ್ಯಾಂಡಿನವರ ಹತ್ತಿರ ಬಂದಿದ್ದನಂತೆ. ಮಾಮ ಆ ಕೈಯ ಕಡೆಗೇ ಸ್ವಲ್ಪ ವಾಲಿಕೊಂಡಿದ್ದಾನೆ.

"ಕತ್ತರಿಸಿ ಕೊಡ್ಲಾ?" ಎಂದು ಅಂಗಡಿಯಮ್ಮ ಕತ್ತರಿ ತೆಗೆದಳು.

"ಅಯ್ಯೋ ಬೇಡ" ಎಂದು ಫೋಟೋ ಅಕ್ಕ ಅವಳ ಕೈಯನ್ನೇ ಹಿಡಿದುಕೊಂಡಳು. ಹಿಡಿದದ್ದು ಗೊತ್ತಾಗಿ ಬಿಟ್ಟಳು.

"ತಗೊಂಡು ಹೋಗಿ. ಗೋಡೆ ಮೇಲೆ ನಮ್ಮೋರ ಮುಖ ಬೇಡ. ಅಷ್ಟು ಮಾಡಿ."

ಪಾದ್ರಿಗಳು ಒಪ್ಪಿದರು. ಪೂರ್ತಿ ಫೋಟೋ ಕಪಾಟಿನಲ್ಲಿ ಭದ್ರವಾಗಿರಲಿ, ಗೋಡೆಗೆ ಮಾಮನಷ್ಟೇ ಸಾಕು ಎಂದರು. ಆದರೆ ಅತ್ತೆಗೆ ಪೂರ್ತಿಯದನ್ನೇ ತೋರಿಸಬೇಕೆಂದು ಫೋಟೋ ಅಕ್ಕ ಹಟ ಹಿಡಿದಳು. ಅವಳ ಗಂಡನ ಫೋಟೋ, ಅವಳಿಂದ ಮುಚ್ಚಿಡಲು ನಾವು ಯಾರು?

ಅತ್ತೆ ನೋಡಿದಳು. ಬಹಳ ಹೊತ್ತು ನೋಡಿದಳು. ಬೆರಳ ತುದಿಯಿಂದ ಬಾಯಿಯನ್ನು ಮುಟ್ಟಿ, "ಹಾಂ. ಇದು ನಮ್ಮ ಯಜಮಾನ್ರು. ಆ ಹಲ್ಲು ನೋಡು, ಒಂದರ ಮೇಲೊಂದು ಹತ್ತಿ ಕೂತಿರೋದು" ಎಂದಳು. ಆಮೇಲೆ ಬೆರಳು ಹೆಗಲಿಗೆ ಬಂತು, ಅಲ್ಲಿಂದ ತೋಳು ಹಿಡಿದುಕೊಂಡು ಪಕ್ಕದ ಮುಖಕ್ಕೆ ಹೋಯಿತು. ನಿಂತಿತು.

"ಅಂಗಡಿಯವನು."

"ಹೌದತ್ತೆ. ಮುಖ ಹಾಕಲ್ಲ. ಕತ್ತರಿಸಿದ್ರೂ ಕೈ ಮಾತ್ರ ಉಳಿಯುತ್ತೆ."

"ಕೈ ತೆಗಿ."

"ಪಾದ್ರಿಗಳು—"

"ಪಾದ್ರಿಗೆ ಗಂಡ ಇದ್ನಾ? ಕೈ ತೆಗಿ ಅಂದೆ. ನಿನ್ನ ಕಸುಬೇ ಅದಲ್ವಾ?"

ಫೋಟೋ ಅಕ್ಕ ಯಾರಿಗೂ ಹೇಳದೆ ತೆಗೆದಳು. ಈಗ ಪೆನ್ಸಿಲ್ಲು ಬೇಕಿಲ್ಲ, ಕಂಪ್ಯೂಟರಿನಲ್ಲೇ ಎಲ್ಲ. ಬೆರಳು ಒಂದೊಂದಾಗಿ ಹೋಯಿತು, ಉಂಗುರ ಹೋಯಿತು, ತೋಳು ಹೋಯಿತು. ಮಾಮನ ಬ್ಯಾಂಡ್ ಕೋಟಿನ ಹೆಗಲನ್ನು ಇನ್ನೊಂದು ಹೆಗಲಿನಿಂದ ಬಟ್ಟೆ ತಂದು ಹೊಲಿದ ಹಾಗೆ ಹೊಲಿದಳು. ಕೈ ಇತ್ತೆಂದು ದೇವರಾಣೆ ಮಾಡಿ ಹೇಳಿದರೂ ಯಾರೂ ನಂಬರು. ಅಂಥ ಕೆಲಸ ಮಾಡಿ ಎಷ್ಟೋ ವರ್ಷವಾಗಿತ್ತು. ಮೊದಲು ಖುಷಿಯೇ ಆಯಿತು. ಆಮೇಲೆ ಕಸಿವಿಸಿ. ಕುರ್ಚಿಯಿಂದ ಎದ್ದಳು, ಹೊರಗೆ ಹೋದಳು, ಬಂದಳು, ಮತ್ತೆ ನೋಡಿದಳು. ಏನೋ ಸರಿಯಿಲ್ಲ, ಏನೆಂದು ಹೊಳೆಯಲಿಲ್ಲ. ಕಳ್ಳತನ ಮಾಡಿದವಳ ಹಾಗೆ ಕೈ ಇದ್ದದ್ದು, ಇಲ್ಲದ್ದು, ಎರಡೂ ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡು ಅತ್ತೆಯ ಮನೆಗೆ ಎದ್ದೆನೋ ಬಿದ್ದೆನೋ ಎಂದು ನಡೆದಳು.

ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಇವರು ಯಾಕೆ ಹೀಗೆ ವಾಲಿದಾರೆ?"

ಫೋಟೋ ಅಕ್ಕನಿಗೆ ಆಗ ಕಂಡಿತು. ಕೈ ಹೋಗಿತ್ತು, ಒರಗುವುದಕ್ಕೆ ಆಸರೆಯೂ ಅದರ ಜೊತೆಗೇ ಹೋಗಿತ್ತು. ಬ್ಯಾಂಡ್ ಮಾಮ ಖಾಲಿ ಗಾಳಿಗೆ ವಾಲಿಕೊಂಡು ನಗುತ್ತಿದ್ದ.

"ಕುಡಿದೋರ ಹಾಗೆ ಕಾಣ್ತಾರೆ" ಎಂದಳು ಅತ್ತೆ. "ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದೋರಲ್ಲ. ನೋಡಿದೋರು ಏನಂದ್ಕೊಳ್ತಾರೆ?"

ಫೋಟೋ ಅಕ್ಕ ಇನ್ನೊಂದು ಪ್ರತಿಯನ್ನು ಮುಂದಿಟ್ಟಳು. ಅತ್ತೆ ಅದನ್ನು ಎತ್ತಿಕೊಳ್ಳಲಿಲ್ಲ. ಮೇಜಿನ ಮೇಲಿದ್ದದ್ದನ್ನೇ ಓರೆಗಣ್ಣಿನಲ್ಲಿ ನೋಡುತ್ತ ಕೂತಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಹೊಡೆದುಕೊಂಡು ಹೋದರು.

"ಆ ಹೊತ್ತಿಗೆ ಅವನು ಸ್ನೇಹಿತನೇ" ಎಂದಳು ಕೊನೆಗೆ. "ಆ ಹೊತ್ತಿನ ಫೋಟೋ ತಾನೇ ಇದು. ಹಾಕು, ಹಾಗೇ ಹಾಕು. ನನ್ನನ್ನ ಮತ್ತೆ ಕೇಳಬೇಡ."

ಹೀಗೆ ಬ್ಯಾಂಡ್ ಮಾಮ ಗೋಡೆಗೆ ಬಂದ. ಅಷ್ಟೂ ನೆಟ್ಟಗಿನ ಮುಖಗಳ ನಡುವೆ ಅವನೊಬ್ಬನೇ ನಗುತ್ತಿದ್ದ, ಅವನೊಬ್ಬನೇ ವಾಲಿದ್ದ, ಹೆಗಲ ಮೇಲೆ ಯಾರದೋ ಕೈ. ಬಂದವರು ಮೊದಲು ಅಲ್ಲೇ ನಿಲ್ಲತೊಡಗಿದರು. ಬೀದಿಯಲ್ಲಿ ಗುಸುಗುಸು ಎದ್ದಿತು. ಕೈ ಯಾರದೆಂದು ಗೊತ್ತಿದ್ದ ಕೆಲವು ಗಂಡಸರು ಬಂದು ಪಾದ್ರಿಗಳ ಮೇಲೆ ಕೂಗಾಡಿದರು. "ನಮ್ಮ ಸತ್ತೋರ ಗೋಡೆ ಮೇಲೆ ಕೊಂದೋನ ಕೈಯಾ?" ಅತ್ತೆ ಕುರ್ಚಿಯಿಂದಲೇ ಕೋಲು ಎತ್ತಿ, "ನನ್ನ ಗಂಡನ ಹೆಗಲು. ನಿಮ್ಮದೇನು?" ಎಂದಳು. ಅವರು ತಲೆ ತಗ್ಗಿಸಿ ಹೋದರು. ಆದರೆ ಕೆಲವರು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಅವರಲ್ಲಿ ಫೋಟೋ ಅಕ್ಕನ ಸ್ವಂತ ಚಿಕ್ಕಪ್ಪನೂ ಒಬ್ಬ. ಇವತ್ತಿಗೂ ಎದುರು ಸಿಕ್ಕಿದರೆ ರಸ್ತೆ ದಾಟಿ ಹೋಗುತ್ತಾನೆ.

ಮಳೆ ನಿಂತ ಒಂದು ಸಂಜೆ, ಕೋಣೆಯಲ್ಲಿ ಅವಳೊಬ್ಬಳೇ ಇದ್ದಾಗ, ಬಾಗಿಲಲ್ಲಿ ಅಂಗಡಿಯಮ್ಮ ನಿಂತಿದ್ದಳು. ಅವಳ ತೋಳು ಹಿಡಿದು, ಒಂದು ಕಾಲು ಎಳೆಯುತ್ತ, ಯಜಮಾನ. ಕೇಳದೆಯೇ ಒಳಗೆ ಬಂದರು. ಅವನು ಗೋಡೆಯುದ್ದಕ್ಕೂ ಒಂದೊಂದೇ ಮುಖ ನೋಡುತ್ತ ನಡೆದು, ಬ್ಯಾಂಡ್ ಮಾಮನ ಮುಂದೆ ನಿಂತ. ಫೋಟೋ ಅಕ್ಕ ಕುರ್ಚಿ ತಂದಿಟ್ಟಳು. ಕೂತ. ಅವಳ ಕೈ ತಾನಾಗಿ ಮೇಜಿನ ಮೇಲಿನ ರೆಕಾರ್ಡರಿನ ಕಡೆ ಹೋಯಿತು. ಅದನ್ನು ಅವನ ಹತ್ತಿರ ಇಟ್ಟು ಕೇಳಿದಳು. "ಏನಾದ್ರೂ ಹೇಳ್ತೀರಾ?"

ಅವನ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಮಾತು ಬರುತ್ತಿತ್ತು, ಆದರೆ ಕಷ್ಟದಿಂದ. "ಇವತ್ತು ಬೇಡ" ಎಂದ.

ಇನ್ನೊಂದು ದಿನ ಬರುತ್ತಾನೆಂದು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಭಾನುವಾರ ಅತ್ತೆಗೆ ಹೇಳಿದಳು, ಅವನು ಬಂದಿದ್ದ ಎಂದು.

"ಎಷ್ಟು ಹೊತ್ತು ಕೂತಿದ್ದ?"

"ಕತ್ತಲಾಗೋವರೆಗೆ."

"ಕಾಫಿ ಗೀಫಿ ಕೊಟ್ಯಾ?"

"ಇಲ್ಲ."

"ಒಳ್ಳೇದು ಮಾಡಿದೆ." ಅತ್ತೆ ಕೋಲಿನ ಹಿಡಿಕೆಯನ್ನು ಉಜ್ಜುತ್ತ ಕೂತಳು. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, "ನೀರಾದ್ರೂ ಕೊಡಬೇಕಿತ್ತು" ಎಂದಳು.

ಅವನು ಮತ್ತೆ ಬರಲಿಲ್ಲ. ಚಳಿ ಶುರುವಾಗುವ ಹೊತ್ತಿಗೆ ಎರಡನೇ ಸಲ ಪಾರ್ಶ್ವವಾಯು ಬಡಿದು ಸತ್ತ. ಸುದ್ದಿ ಕೇಳಿದ ದಿನ ಫೋಟೋ ಅಕ್ಕ ಮನೆಯಲ್ಲಿ ಅತ್ತಿಂದಿತ್ತ ಇತ್ತಿಂದತ್ತ ತಿರುಗಿದಳು. ಅವತ್ತೇ ಒತ್ತಾಯ ಮಾಡಬೇಕಿತ್ತೇ? ಅವನು ಹೇಳಲಿದ್ದದ್ದೇನು? ಹೇಳಲು ಏನಾದರೂ ಇತ್ತೇ? ಗಂಡ ಈ ಸಲ ತಮಾಷೆ ಮಾಡಲಿಲ್ಲ. ಚಪ್ಪಲಿ ಮೆಟ್ಟಿ, "ಬಾ, ಸುತ್ತಾಡಿ ಬರೋಣ" ಎಂದು ಕರೆದುಕೊಂಡು ಹೋದ. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದು ಬಂದರು.

ತಿಂಗಳಾದ ಮೇಲೆ ಅಂಗಡಿಯಮ್ಮ ಒಬ್ಬಳೇ ಬಂದಳು. ಕುರ್ಚಿ ಎಳೆದುಕೊಂಡು, ರೆಕಾರ್ಡರನ್ನು ತಾನೇ ಹತ್ತಿರಕ್ಕೆ ಸರಿಸಿಕೊಂಡಳು.

"ಇದು ಶುರುವಾಗಿದ್ಯಾ?"

"ಆಯ್ತು. ಹೇಳಿ."

"ಆ ದಿನ ಬೆಳಿಗ್ಗೆ ನಮ್ಮೋರು ಅಂಗಡಿ ತೆಗೀಲಿಲ್ಲ. ಎಲ್ಲಿಗೆ ಅಂದೆ, ಬರ್ತೀನಿ ಅಂದ್ರು. ಸಂಜೆ ಬಂದ್ರು. ಬಂದೋರು ಮಾತಾಡದೆ ಸ್ನಾನಕ್ಕೆ ಹೋದ್ರು. ಬಹಳ ಹೊತ್ತು ನೀರು ಸುರ್ಕೊಳ್ತಾನೇ ಇದ್ರು. ಊಟಕ್ಕೆ ಕರೆದೆ, ಬೇಡ ಅಂದ್ರು. ಬಟ್ಟೆ ಒಗೆಯೋಕೆ ಹಾಕಿ ಅಂದೆ, ಎಲ್ಲೋ ಬಿಸಾಕಿದೆ ಅಂದ್ರು. ನಾನು ಕೇಳ್ಲಿಲ್ಲ. ಅವತ್ತೂ ಕೇಳ್ಲಿಲ್ಲ, ಆಮೇಲೂ ಕೇಳ್ಲಿಲ್ಲ. ಆಲ್ಬಂ ಮಾತ್ರ ಆಗಾಗ ತೆಗೆದು ಅದೇ ಪುಟ ನೋಡೋರು." ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ನನಗೆ ಗೊತ್ತಿರೋದು ಇಷ್ಟೇ. ಇದರಿಂದ ಏನಾದ್ರೂ ಉಪಯೋಗ ಇದ್ಯಾ?"

ಆ ಕೋಣೆಯಲ್ಲಿ ಆಚೆ ಬೀದಿಯ ದನಿ ದಾಖಲಾದದ್ದು ಅದೇ ಮೊದಲು. ಕೋರ್ಟಿಗೆ ಅದು ಸಾಕ್ಷಿಯಲ್ಲ. "ಇರುತ್ತೆ ಅಕ್ಕಾ" ಎಂದಳು ಫೋಟೋ ಅಕ್ಕ. ಕೇಳದೆಯೇ ಒಂದು ಲೋಟ ನೀರು ತಂದುಕೊಟ್ಟಳು. ಅಂಗಡಿಯಮ್ಮ ನಿಂತುಕೊಂಡೇ ಕುಡಿದಳು.

ಅತ್ತೆ ಆ ರೆಕಾರ್ಡಿಂಗನ್ನು ಒಂದೇ ಸಲ ಕೇಳಿದಳು. "ಸ್ನಾನ ಮಾಡಿದ್ನಂತೆ" ಎಂದಳು, ಅಷ್ಟೇ. ಆ ವರ್ಷ ಅವಳ ಕಣ್ಣು ಪೂರ್ತಿ ಮಂಜಾಯಿತು. ಆಪರೇಷನ್ ಬೇಡವೆಂದಳು. ನೋಡಬೇಕಾದ್ದು ನೋಡಾಯಿತಲ್ಲ ಎಂದು ನಗುತ್ತಾಳೆ, ಭಾನುವಾರ ಬರುವುದನ್ನು ಬಿಟ್ಟಿಲ್ಲ.

ಗೋಡೆ ನೋಡಲು ಈಗ ಬೇರೆ ಬೇರೆ ಊರುಗಳಿಂದ ಜನ ಬರುತ್ತಾರೆ. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ, ಹೆಗಲ ಮೇಲಿರುವ ಈ ಕೈ ಯಾರದು? ಫೋಟೋ ಅಕ್ಕ ಚೀಲ ಹೆಗಲಿಗೇರಿಸಿ ಹೊರಡುವ ಅವಸರದಲ್ಲೇ ಇರುತ್ತಾಳೆ. "ಮದುವೆ ಗಂಡಿನದು" ಎನ್ನುತ್ತಾಳೆ. ಖಚಿತವಾಗಿ ಅವಳಿಗೆ ಗೊತ್ತಿರುವುದು ಅಷ್ಟೇ.